ಮನೆಯ ಸರ್ವರ್, ಹೊರಗಿನವರ ಕೈಗೆ ಸ್ಟಾರ್ಟ್ ಬಟನ್

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಒಂದು ಸರ್ವರ್ ಇದೆ ಎಂದುಕೊಳ್ಳಿ. 32 ಜಿಬಿ ರ‍್ಯಾಮ್, ಮೇಲೆ ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ಕಂಪ್ಯೂಟರುಗಳನ್ನು ಓಡಿಸುವ ತಂತ್ರಾಂಶ), ಅದರೊಳಗೆ ಐದಾರು ವಿಎಂ, ಅಂದರೆ ತಂತ್ರಾಂಶದಲ್ಲೇ ಕಟ್ಟಿದ ಕಂಪ್ಯೂಟರುಗಳು. ಒಂದರಲ್ಲಿ ಸ್ನೇಹಿತರೊಬ್ಬರ ಅಂಗಡಿಯ ಟ್ಯಾಲಿ, ಇನ್ನೊಂದರಲ್ಲಿ ತಂಗಿಯ ಕಾಲೇಜು ಪ್ರಾಜೆಕ್ಟಿನ ಉಬುಂಟು, ಮತ್ತೊಂದರಲ್ಲಿ ಪಕ್ಕದ ಮನೆಯ ಹುಡುಗರ ಮೈನ್‌ಕ್ರಾಫ್ಟ್. ಎಲ್ಲವನ್ನೂ ಒಟ್ಟಿಗೆ ಓಡಿಸುವಷ್ಟು ರ‍್ಯಾಮ್ ಇಲ್ಲ. ಹಾಗಾಗಿ ಬೇಕಾದಾಗ ಆನ್, ಬೇಡವಾದಾಗ ಆಫ್. ಆದರೆ ಆನ್ ಮಾಡಬೇಕಾದವರು ಪ್ರತಿ ಸಲ ಸರ್ವರ್ ಇಟ್ಟವರಿಗೆ ಫೋನ್ ಮಾಡಬೇಕು. ಅವರು ಫೋನ್ ಎತ್ತದಿದ್ದರೆ ಅಂಗಡಿಯ ಬಿಲ್ಲು ನಿಂತಲ್ಲೇ ನಿಂತಿತು.

ಇದಕ್ಕೆ ಬಹಳ ಕಡೆ ಕಾಣುವ ಪರಿಹಾರ ಎಂದರೆ ರೂಟ್, ಅಂದರೆ ಸರ್ವಾಧಿಕಾರದ ಖಾತೆಯ, ಪಾಸ್‌ವರ್ಡನ್ನು ವಾಟ್ಸಾಪಿನಲ್ಲಿ ಕಳಿಸಿ, ರೂಟರಿನಲ್ಲಿ ಪ್ರಾಕ್ಸ್‌ಮಾಕ್ಸ್ ಪರದೆ ತೆರೆಯುವ 8006ನೇ ಪೋರ್ಟನ್ನು ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿಡುವುದು. ಅಂಗಡಿಯ ಷಟರ್ ಎತ್ತಲು ಬಂದವರಿಗೆ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನೂ ಕೊಟ್ಟಂತೆ. ರೂಟ್ ಇದ್ದವರು ಯಾರ ವಿಎಂ ಡಿಸ್ಕನ್ನಾದರೂ ಓದಬಹುದು, ಅಳಿಸಬಹುದು. ದುರುದ್ದೇಶವೇ ಬೇಕಿಲ್ಲ, ತಪ್ಪಿ ರಿಮೂವ್ ಒತ್ತಿದರೂ ಆಯಿತು. ವಿಎಂ ಶುರು ಮಾಡುವ ಹಕ್ಕನ್ನು ಮಾತ್ರ ಪ್ರತ್ಯೇಕವಾಗಿ ಕೊಡುವ ಸೌಕರ್ಯ ಪ್ರಾಕ್ಸ್‌ಮಾಕ್ಸ್‌ನಲ್ಲೇ ಇದೆ, ಅರ್ಧ ಗಂಟೆಯ ಕೆಲಸ. ಹಕ್ಕು ಕೊಟ್ಟ ಮೇಲೆ ಬರುವ ತೊಡಕುಗಳೇ ಹೆಚ್ಚು, ಅದರಲ್ಲೂ ಮೆಮೊರಿಯದು. ಆದ್ದರಿಂದ ಹಕ್ಕಿನ ಭಾಗವನ್ನು ಬೇಗ ಮುಗಿಸಿ ಅಲ್ಲಿಗೆ ಹೋಗೋಣ.

ಯೂಸರ್, ಪೂಲ್, ರೋಲ್

ಪ್ರಾಕ್ಸ್‌ಮಾಕ್ಸ್‌ನಲ್ಲಿ ಲಾಗಿನ್ ಆಗುವಾಗ ಕೆಳಗೆ ರೆಲ್ಮ್ ಎಂಬ ಆಯ್ಕೆ ಇರುತ್ತದೆ, ಖಾತೆ ಯಾವ ಪಟ್ಟಿಯದು ಎಂದು ಅದು ಹೇಳುತ್ತದೆ. ಪ್ಯಾಮ್ ರೆಲ್ಮಿನ ಯೂಸರ್ ಎಂದರೆ ಕೆಳಗಿನ ಡೆಬಿಯನ್ ಲಿನಕ್ಸಿನ ಯೂಸರ್. ಪಿವಿಇ ರೆಲ್ಮಿನ ಯೂಸರಿಗೆ ಲಿನಕ್ಸ್ ಖಾತೆಯೇ ಇರುವುದಿಲ್ಲ, ಅವರು ಎಸ್‌ಎಸ್‌ಎಚ್‌ನಿಂದ, ಅಂದರೆ ದೂರದಿಂದ ಕಮಾಂಡ್ ಸಾಲಿನ ಮೂಲಕ, ಸರ್ವರಿನೊಳಗೆ ಬರಲಾರರು. ಹೊರಗಿನವರಿಗೆ ಯಾವಾಗಲೂ ಪಿವಿಇ ರೆಲ್ಮಿನಲ್ಲೇ ಖಾತೆ ತೆರೆಯಿರಿ. ಎಡಗಡೆ ಡೇಟಾಸೆಂಟರ್ ಒತ್ತಿ, ಪರ್ಮಿಷನ್ಸ್ ಕೆಳಗಿನ ಯೂಸರ್ಸ್‌ನಲ್ಲಿ ಆಡ್. ಒಬ್ಬರಿಗೆ ಒಂದು ಖಾತೆ. ಇಬ್ಬರಿಗೆ ಸೇರಿ ಒಂದು ಕೊಟ್ಟರೆ ನಾಳೆ ಟಾಸ್ಕ್ ಲಾಗ್ ನೋಡಿದಾಗ ಯಾರು ಆಫ್ ಮಾಡಿದರು ಎಂದು ತಿಳಿಯುವುದಿಲ್ಲ.

ಆಮೇಲೆ ಒಬ್ಬೊಬ್ಬರ ವಿಎಂಗಳಿಗೂ ಒಂದೊಂದು ಪೂಲ್ (ವಿಎಂಗಳ ಗುಂಪು) ಮಾಡಿ, ಆ ವಿಎಂಗಳನ್ನು ಅದಕ್ಕೆ ಸೇರಿಸಿ. ಹಕ್ಕನ್ನು ನೇರವಾಗಿ ವಿಎಂ ನಂಬರಿಗೇ ಕೊಡಬಹುದು, ಆದರೆ ಪೂಲ್ ಇದ್ದರೆ ನಾಳೆ ಇನ್ನೊಂದು ವಿಎಂ ಸೇರಿಸಿದಾಗ ಹಕ್ಕು ತಾನಾಗಿ ಅದಕ್ಕೂ ಅನ್ವಯಿಸುತ್ತದೆ.

ಸಿದ್ಧ ರೋಲುಗಳಲ್ಲಿ, ಅಂದರೆ ಹಕ್ಕುಗಳ ಕಟ್ಟುಗಳಲ್ಲಿ, ಪಿವಿಇ ವಿಎಂ ಯೂಸರ್ ಎಂಬುದು ಹತ್ತಿರದ್ದು. ಆದರೆ ಅದರಲ್ಲಿ ಬ್ಯಾಕಪ್ ತೆಗೆಯುವ, ಸಿಡಿ ಬದಲಿಸುವ, ಕ್ಲೌಡ್ ಇನಿಟ್ (ವಿಎಂನ ಮೊದಲ ಸೆಟ್ಟಿಂಗುಗಳು) ತಿದ್ದುವ ಹಕ್ಕುಗಳೂ ಸೇರಿವೆ. ನಮ್ಮ ಕೆಲಸಕ್ಕೆ ಅವು ಬೇಡ. ರೋಲ್ಸ್‌ಗೆ ಹೋಗಿ ಹೊಸದೊಂದನ್ನು ಮಾಡಿ, ಮೂರೇ ಹಕ್ಕು ಟಿಕ್ ಮಾಡಿ: ವಿಎಂ ಆಡಿಟ್, ವಿಎಂ ಪವರ್ ಮ್ಯಾನೇಜ್‌ಮೆಂಟ್, ವಿಎಂ ಕನ್ಸೋಲ್. ಮ್ಯಾನೇಜ್‌ಮೆಂಟ್ ಎಂಬುದು ಪರದೆಯಲ್ಲಿ ಮೊಟಕಾಗಿ ಬರೆದಿರುತ್ತದೆ, ಗಾಬರಿಯಾಗಬೇಡಿ. ಆಡಿಟ್ ಇಲ್ಲದಿದ್ದರೆ ಯೂಸರಿಗೆ ತನ್ನ ವಿಎಂ ಕಣ್ಣಿಗೇ ಬೀಳುವುದಿಲ್ಲ. ಅತಿಥಿ ವಿಎಂನ ಐಪಿ ವಿಳಾಸ ಸಮರಿ ಪುಟದಲ್ಲಿ ಕಾಣಬೇಕಿದ್ದರೆ 9ನೇ ಆವೃತ್ತಿಯಲ್ಲಿ ಗೆಸ್ಟ್ ಏಜೆಂಟ್ ಆಡಿಟ್ ಎಂಬ ಇನ್ನೊಂದನ್ನೂ ಸೇರಿಸಬೇಕು.

ಕನ್ಸೋಲ್ ಬಗ್ಗೆ ಒಂದು ಎಚ್ಚರ. ಕನ್ಸೋಲ್ ಕೊಡುವುದೆಂದರೆ ಆ ಕಂಪ್ಯೂಟರಿನ ಮುಂದೆ ಕೀಬೋರ್ಡ್ ಸಮೇತ ಕೂರಿಸಿದ ಹಾಗೆ. ಲಿನಕ್ಸ್ ವಿಎಂ ಬೂಟ್ ಆಗುವಾಗ ಗ್ರಬ್ ಎಂಬ ಬೂಟ್ ಮೆನುವಿನಲ್ಲಿ ಕರ್ನಲ್ ಸಾಲು ತಿದ್ದಿ ಒಳಗಿನ ರೂಟ್ ಆಗಬಹುದು. ವಿಎಂ ಅವರದೇ ಆದರೆ ಪರವಾಗಿಲ್ಲ. ಮೈನ್‌ಕ್ರಾಫ್ಟ್ ಸರ್ವರನ್ನು ಆನ್ ಮಾಡುವುದಷ್ಟೇ ಹುಡುಗರ ಕೆಲಸ ಎಂದಾದರೆ ಕನ್ಸೋಲ್ ಟಿಕ್ ತೆಗೆದುಬಿಡಿ. ಇನ್ನು ಪವರ್ ಮ್ಯಾನೇಜ್‌ಮೆಂಟ್ ಹಕ್ಕಿನಲ್ಲಿ ಸ್ಟಾರ್ಟ್, ಶಟ್‌ಡೌನ್, ಸ್ಟಾಪ್, ರೀಸೆಟ್ ಎಲ್ಲವೂ ಒಟ್ಟಿಗೆ ಬರುತ್ತವೆ. ಸ್ಟಾರ್ಟ್ ಮಾತ್ರ ಕೊಡುತ್ತೇನೆ, ಸ್ಟಾಪ್ ಕೊಡುವುದಿಲ್ಲ ಎಂಬುದು ಈ ರೋಲುಗಳಿಂದ ಆಗುವುದಿಲ್ಲ. ಅದಕ್ಕೆ ಎಪಿಐ (ಬೇರೆ ಪ್ರೋಗ್ರಾಮುಗಳು ಪ್ರಾಕ್ಸ್‌ಮಾಕ್ಸ್ ಜೊತೆ ಮಾತಾಡುವ) ದಾರಿ ಇದೆ, ಮುಂದೆ ಹೇಳುತ್ತೇವೆ.

ಕೊನೆಗೆ ಪರ್ಮಿಷನ್ಸ್‌ನಲ್ಲಿ ಆಡ್, ಯೂಸರ್ ಪರ್ಮಿಷನ್. ಪಾತ್ ಜಾಗದಲ್ಲಿ ಆ ಪೂಲ್, ಯೂಸರ್, ರೋಲ್, ಪ್ರಾಪಗೇಟ್ ಟಿಕ್ ಇರಲಿ. ಪಾತ್ ಜಾಗದಲ್ಲಿ ಬರೀ ಓರೆಗೆರೆ ಇದ್ದರೆ ಇಡೀ ಡೇಟಾಸೆಂಟರಿನ ಎಲ್ಲ ವಿಎಂಗೂ ಹಕ್ಕು ಕೊಟ್ಟಂತಾಗುತ್ತದೆ. ಅವಸರದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಮುಗಿದ ಮೇಲೆ ಇನ್ನೊಂದು ಬ್ರೌಸರಿನಲ್ಲಿ ಆ ಯೂಸರ್ ಆಗಿಯೇ ಲಾಗಿನ್ ಆಗಿ ನೋಡಿ. ಎಡಗಡೆ ಪಟ್ಟಿಯಲ್ಲಿ ಅವರ ವಿಎಂ ಬಿಟ್ಟು ಬೇರೆಯವರದೂ ಕಂಡರೆ ಎಲ್ಲೋ ತಪ್ಪಿದೆ. ಟೂ ಫ್ಯಾಕ್ಟರ್ ವಿಭಾಗದಲ್ಲಿ ಟಿಒಟಿಪಿ, ಅಂದರೆ ಫೋನಿನ ಆ್ಯಪ್ ಆಗಾಗ ಬದಲಿಸುತ್ತಾ ತೋರಿಸುವ ಆರಂಕಿ ಸಂಖ್ಯೆ, ಹಾಕಿಸಿ. ಸರ್ವರ್ ಗಡಿಯಾರ ಹಿಂದೆ ಮುಂದೆ ಆದರೆ ಆ ಆರಂಕಿ ಒಪ್ಪುವುದಿಲ್ಲ, ಆದ್ದರಿಂದ ಗಡಿಯಾರ ಹೊಂದಿಸುವ ಎನ್‌ಟಿಪಿ ಸರಿಯಾಗಿರಲಿ.

ನಾಲ್ಕನೆಯವರು ಒತ್ತಿದಾಗ

ಈಗ ಮುಖ್ಯ ವಿಷಯ. ಸ್ಟಾರ್ಟ್ ಒತ್ತುವವರಿಗೆ ತಮ್ಮ ವಿಎಂ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ಇನ್ನೆಷ್ಟು ಓಡುತ್ತಿವೆ, ಎಷ್ಟು ಮೆಮೊರಿ ಉಳಿದಿದೆ ಎಂಬುದು ಅವರಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಾಗಾದರೆ ಆ ಲೆಕ್ಕ ಇಡುವವರು ಯಾರು? ಪ್ರಾಕ್ಸ್‌ಮಾಕ್ಸ್ ಇಡುವುದಿಲ್ಲ. 32 ಜಿಬಿ ಯಂತ್ರದಲ್ಲಿ 8 ಜಿಬಿಯ ಆರು ವಿಎಂ ಮಾಡಿಟ್ಟರೂ ಅದು ತಡೆಯುವುದಿಲ್ಲ.

ಮೂರು ವಿಎಂ ಓಡುತ್ತಿವೆ, ಒಟ್ಟು 24 ಜಿಬಿ. ನಾಲ್ಕನೆಯವರು ತಮ್ಮ 8 ಜಿಬಿ ವಿಎಂ ಸ್ಟಾರ್ಟ್ ಮಾಡುತ್ತಾರೆ. ಹಸಿರು ಗುರುತು ಬರುತ್ತದೆ, ಎಲ್ಲ ಚೆನ್ನಾಗಿದೆ ಎನಿಸುತ್ತದೆ. ಏಕೆಂದರೆ ವಿಎಂ ಓಡಿಸುವ ಕ್ಯೂಇಎಂಯು ಪ್ರೋಗ್ರಾಮ್ ಕೇಳಿದ ಮೆಮೊರಿಯನ್ನು ಲಿನಕ್ಸ್ ಕರ್ನಲ್ ಆ ಕ್ಷಣವೇ ತುಂಬಿಕೊಡುವುದಿಲ್ಲ. ಒಳಗಿನ ಓಎಸ್ ಒಂದೊಂದು ಪುಟವನ್ನು ಮುಟ್ಟಿದ ಹಾಗೆ ನಿಜವಾದ ರ‍್ಯಾಮ್ ಕೊಡುತ್ತಾ ಹೋಗುತ್ತದೆ. ಲಿನಕ್ಸ್ ಅತಿಥಿ ನಿಧಾನವಾಗಿ ಮುಟ್ಟುತ್ತದೆ. ವಿಂಡೋಸ್ ಬೂಟ್ ಆಗುವಾಗಲೇ ಖಾಲಿ ಪುಟಗಳಿಗೆಲ್ಲ ಸೊನ್ನೆ ಬರೆಯುವುದರಿಂದ 8 ಜಿಬಿಯನ್ನೂ ಕೆಲವೇ ನಿಮಿಷದಲ್ಲಿ ನುಂಗುತ್ತದೆ. ಆಗ ಹೋಸ್ಟಿನಲ್ಲಿ, ಅಂದರೆ ವಿಎಂಗಳನ್ನು ಹೊತ್ತ ಮೂಲ ಯಂತ್ರದಲ್ಲಿ, ಮೆಮೊರಿ ಮುಗಿದು ಕರ್ನಲ್ಲಿನ ಓಓಎಂ ಕಿಲ್ಲರ್ ಏಳುತ್ತದೆ. ಅದು ಸಾಮಾನ್ಯವಾಗಿ ಅತಿ ಹೆಚ್ಚು ಮೆಮೊರಿ ಹಿಡಿದಿರುವ ಪ್ರೊಸೆಸ್ಸನ್ನು ಕೊಲ್ಲುತ್ತದೆ. ಅಂದರೆ ಆಗಷ್ಟೇ ಶುರುವಾದದ್ದೇ ಸಾಯಬೇಕೆಂದಿಲ್ಲ. ಬೆಳಗಿನಿಂದ ಸುಮ್ಮನೆ ಓಡುತ್ತಿದ್ದ ಟ್ಯಾಲಿಯ ವಿಎಂ, ಪ್ಲಗ್ ಕಿತ್ತ ಹಾಗೆ, ಸೇವ್ ಆಗದ ವೋಚರುಗಳ ಸಮೇತ ಹೋಗಬಹುದು. ಇತ್ತ ಸ್ಟಾರ್ಟ್ ಒತ್ತಿದವರಿಗೆ ತಮ್ಮಿಂದ ಏನಾಯಿತು ಎಂಬ ಸುಳಿವೂ ಇರುವುದಿಲ್ಲ. ಜರ್ನಲ್ ತೆಗೆದು ಕರ್ನಲ್ ಸಂದೇಶಗಳಲ್ಲಿ ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್, ಪಕ್ಕದಲ್ಲಿ ಕೆವಿಎಂ (ವಿಎಂನ ಪ್ರೊಸೆಸ್ಸಿನ ಹೆಸರು) ಎಂದು ಕಂಡರೆ ಇದೇ ಆದದ್ದು.

ಪರಿಹಾರ ಹುಕ್ ಸ್ಕ್ರಿಪ್ಟ್. ಪ್ರತಿ ವಿಎಂಗೂ ಒಂದು ಸ್ಕ್ರಿಪ್ಟ್ ಕಟ್ಟಬಹುದು. ಪ್ರೀ ಸ್ಟಾರ್ಟ್, ಪೋಸ್ಟ್ ಸ್ಟಾರ್ಟ್, ಪ್ರೀ ಸ್ಟಾಪ್, ಪೋಸ್ಟ್ ಸ್ಟಾಪ್ ಎಂಬ ನಾಲ್ಕು ಹಂತದಲ್ಲಿ ಅದನ್ನು ಕರೆಯಲಾಗುತ್ತದೆ. ಮೊದಲ ಆರ್ಗ್ಯುಮೆಂಟ್ ವಿಎಂ ನಂಬರ್, ಎರಡನೆಯದು ಹಂತದ ಹೆಸರು. ಪ್ರೀ ಸ್ಟಾರ್ಟ್ ಹಂತದಲ್ಲಿ ಸ್ಕ್ರಿಪ್ಟ್ ಸೊನ್ನೆಯಲ್ಲದ ಕೋಡ್ ಹಿಂದಿರುಗಿಸಿದರೆ ವಿಎಂ ಶುರುವಾಗುವುದಿಲ್ಲ. ನಮಗೆ ಬೇಕಾದ ಬಾಗಿಲು ಇದೇ.

ಏನನ್ನು ಎಣಿಸಬೇಕು ಎಂಬಲ್ಲಿ ತಪ್ಪುತ್ತಾರೆ. ಮೊದಲು ಹೊಳೆಯುವುದು ಪ್ರಾಕ್ ಫೋಲ್ಡರಿನ ಮೆಮ್‌ಇನ್ಫೋ ಕಡತದ, ಎಷ್ಟು ಮೆಮೊರಿ ಸಿಗಬಹುದು ಎಂದು ಹೇಳುವ, ಮೆಮ್ ಅವೈಲಬಲ್ ಸಾಲು. ಅದನ್ನು ನಂಬಬೇಡಿ. ಐದು ನಿಮಿಷದ ಹಿಂದೆ ಶುರುವಾದ ಉಬುಂಟು ತನ್ನ 8 ಜಿಬಿಯಲ್ಲಿ ಇನ್ನೂ 1 ಜಿಬಿ ಮಾತ್ರ ಮುಟ್ಟಿರಬಹುದು, ಉಳಿದ 7 ಖಾಲಿ ಎಂದೇ ಆ ಸಾಲು ಹೇಳುತ್ತದೆ. ಡಿಸ್ಕಿನಲ್ಲಿ ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ಇದ್ದರೆ ತಪ್ಪು ಇನ್ನೊಂದು ದಿಕ್ಕಿಗೆ: ಅದರ ಎಆರ್‌ಸಿ ಕ್ಯಾಶ್ ಬೇಕಾದಾಗ ಕುಗ್ಗಬಲ್ಲದು, ಆದರೂ ಬಳಸಿದ ಮೆಮೊರಿ ಎಂದೇ ಎಣಿಕೆಯಾಗುತ್ತದೆ. ಎಣಿಸಬೇಕಾದ್ದು ಓಡುತ್ತಿರುವ ವಿಎಂಗಳಿಗೆ ನಾವು ಬರೆದುಕೊಟ್ಟ ಮೆಮೊರಿಯನ್ನು. ಕ್ಯೂಎಂ ಲಿಸ್ಟ್ ಕಮಾಂಡಿನ ಸಾಲುಗಳಲ್ಲಿ ರನ್ನಿಂಗ್ ಇರುವವನ್ನು ಆರಿಸಿ, ಮೆಮ್ ಕಾಲಮ್ಮಿನಲ್ಲಿ ಎಂಬಿ ಲೆಕ್ಕದಲ್ಲಿರುವ ಅಂಕಿಗಳನ್ನು ಕೂಡಿ, ಶುರುವಾಗಬೇಕಾದ ವಿಎಂನದನ್ನೂ ಸೇರಿಸಿ. ಮೊತ್ತ ನಿಗದಿಯ ಒಳಗಿದ್ದರೆ ಬಿಡಿ, ಮೀರಿದರೆ ಎಕ್ಸಿಟ್ 1.

ನಿಗದಿ ಎಷ್ಟು? 32 ಜಿಬಿ ಎಂಬ ಯಂತ್ರದಲ್ಲಿ ಲಿನಕ್ಸಿಗೆ ಕಾಣುವುದು ಸುಮಾರು 31. ಪ್ರಾಕ್ಸ್‌ಮಾಕ್ಸ್ 8.1ರಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಜೆಡ್‌ಎಫ್‌ಎಸ್ ಯಂತ್ರದಲ್ಲಿ ಎಆರ್‌ಸಿ ಮಿತಿ ರ‍್ಯಾಮಿನ ಶೇ. 10, ಅಂದರೆ ಇಲ್ಲಿ 3 ಜಿಬಿ. ಅದಕ್ಕೂ ಹಳೆಯ ಇನ್‌ಸ್ಟಾಲ್ ಆದರೆ ಅದು ಅರ್ಧ ರ‍್ಯಾಮಿನವರೆಗೂ ಬೆಳೆಯಬಲ್ಲದು, ಮಿತಿಯನ್ನು ನೀವೇ ಬರೆದಿಡಬೇಕು. ಹೋಸ್ಟಿಗೆ 2 ಜಿಬಿ. ಉಳಿಯಿತು 26. ಪ್ರತಿ ಕೆವಿಎಂ ಪ್ರೊಸೆಸ್ಸಿಗೂ ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚು ಬೇಕಾಗುವುದರಿಂದ 25 ಎಂದು ಇಟ್ಟುಕೊಳ್ಳಿ. 8 ಜಿಬಿಯ ಮೂರು ಸಲೀಸಾಗಿ ಓಡುತ್ತವೆ, ನಾಲ್ಕನೆಯದು ಬಾಗಿಲಲ್ಲೇ ನಿಲ್ಲುತ್ತದೆ. ಕಂಟೇನರುಗಳು (ಹೋಸ್ಟಿನ ಕರ್ನಲ್ಲನ್ನೇ ಹಂಚಿಕೊಳ್ಳುವ ಹಗುರ ಪರಿಸರಗಳು) ಕ್ಯೂಎಂ ಪಟ್ಟಿಯಲ್ಲಿ ಬರುವುದಿಲ್ಲ, ಅವುಗಳ ಮೆಮೊರಿಯನ್ನು ಮೊದಲೇ ಕಳೆದಿಡಿ.

ಸ್ಕ್ರಿಪ್ಟ್ ಎಲ್ಲ ಸೇರಿ ಇಪ್ಪತ್ತು ಸಾಲು ಮೀರುವುದಿಲ್ಲ. ಸ್ಟೋರೇಜಿನಲ್ಲಿ ಸ್ನಿಪೆಟ್ಸ್ ಎಂಬ ಕಂಟೆಂಟ್ ಬಗೆಯನ್ನು ಆನ್ ಮಾಡಿ, ಕಡತವನ್ನು ಅಲ್ಲಿ ಹಾಕಿ, ಎಕ್ಸಿಕ್ಯೂಟ್ ಪರ್ಮಿಷನ್ ಕೊಟ್ಟು, ಕ್ಯೂಎಂ ಸೆಟ್ ಕಮಾಂಡಿನ ಹುಕ್‌ಸ್ಕ್ರಿಪ್ಟ್ ಆಯ್ಕೆಯಿಂದ ಪ್ರತಿ ವಿಎಂಗೂ ಕಟ್ಟಿ. ಎಕ್ಸಿಕ್ಯೂಟ್ ಪರ್ಮಿಷನ್ ಮರೆತರೆ ಯಾವ ವಿಎಂ ಕೂಡ ಶುರುವಾಗುವುದಿಲ್ಲ. ಸ್ಕ್ರಿಪ್ಟ್ ಪ್ರಿಂಟ್ ಮಾಡಿದ್ದೆಲ್ಲ ಟಾಸ್ಕ್ ಲಾಗಿನಲ್ಲಿ ಯೂಸರಿಗೆ ಕಾಣುತ್ತದೆ. ಆದ್ದರಿಂದ ಸುಮ್ಮನೆ ಎಕ್ಸಿಟ್ ಆಗಬೇಡಿ; ಎಷ್ಟು ಬೇಕಿತ್ತು, ಎಷ್ಟು ಉಳಿದಿದೆ, ಯಾವ ವಿಎಂಗಳು ಓಡುತ್ತಿವೆ ಎಂದು ಎರಡು ಸಾಲು ಬರೆಯಿರಿ. ಅದನ್ನು ಓದಿದವರು ನಿಮಗೆ ಫೋನ್ ಮಾಡುವ ಬದಲು ಮೈನ್‌ಕ್ರಾಫ್ಟ್ ಹುಡುಗರಿಗೇ ಮಾಡುತ್ತಾರೆ.

ಬಲೂನಿಂಗ್, ಅಂದರೆ ವಿಎಂ ಬಳಸದ ಮೆಮೊರಿಯನ್ನು ಹೋಸ್ಟ್ ವಾಪಸ್ ಪಡೆಯುವ ವ್ಯವಸ್ಥೆ, ಇದೆಯಲ್ಲ ಎಂದು ಕೇಳಬಹುದು. ಅದು ಅಲ್ಪಸ್ವಲ್ಪ ಸಹಾಯ. ಬಲೂನ್ ಡ್ರೈವರ್ ಇಲ್ಲದ ವಿಂಡೋಸಿಗೆ ಅದು ಕೆಲಸ ಮಾಡುವುದಿಲ್ಲ. ಜಿಪಿಯು ಪಾಸ್‌ಥ್ರೂ ಕೊಟ್ಟ (ಗ್ರಾಫಿಕ್ಸ್ ಕಾರ್ಡನ್ನು ನೇರವಾಗಿ ಒಪ್ಪಿಸಿದ) ವಿಎಂ ಅಂತೂ ಶುರುವಾಗುವಾಗಲೇ ಪೂರ್ತಿ ಮೆಮೊರಿಯನ್ನು ಬಿಗಿಹಿಡಿಯುತ್ತದೆ, ಅಲ್ಲಿ ಬಲೂನಿಗೆ ಜಾಗವೇ ಇಲ್ಲ. ಒಂದೇ ಜಿಪಿಯುವನ್ನು ಇಬ್ಬರ ವಿಎಂಗೂ ಬರೆದಿಟ್ಟಿದ್ದರೆ ಎರಡನೆಯವರದು ಸಾಧನ ಬಳಕೆಯಲ್ಲಿದೆ ಎಂಬ ಎರರ್ ಕೊಟ್ಟು ನಿಲ್ಲುತ್ತದೆ. ಅದು ಸರಿಯಾದ ನಡತೆ, ಸರಿಪಡಿಸಲು ಹೋಗಬೇಡಿ.

ಆಫ್ ಮಾಡಲು ಮರೆಯುವವರು

ಆನ್ ಮಾಡಿದವರೆಲ್ಲ ಆಫ್ ಮಾಡುವುದಿಲ್ಲ. ಆಫ್ ಮಾಡುವವರಲ್ಲೂ ಕೆಲವರು ಶಟ್‌ಡೌನ್ ಬದಲು ಸ್ಟಾಪ್ ಒತ್ತುತ್ತಾರೆ, ಅದು ಪವರ್ ಕಿತ್ತಂತೆ. ಅವರು ಹಾಗೆ ಮಾಡುವುದಕ್ಕೆ ಬಹಳ ಸಲ ಕಾರಣ ನಮ್ಮ ಸೆಟ್ಟಿಂಗೇ. ಆಪ್ಷನ್ಸ್‌ನಲ್ಲಿ ಕ್ಯೂಇಎಂಯು ಗೆಸ್ಟ್ ಏಜೆಂಟ್ (ವಿಎಂ ಒಳಗಿದ್ದು ಹೋಸ್ಟಿನ ಮಾತು ಕೇಳುವ ಪುಟ್ಟ ಪ್ರೋಗ್ರಾಮ್) ಎನೇಬಲ್ ಮಾಡಿ, ವಿಎಂ ಒಳಗೆ ಏಜೆಂಟ್ ಇನ್‌ಸ್ಟಾಲ್ ಮಾಡದೆ ಬಿಟ್ಟರೆ, ಶಟ್‌ಡೌನ್ ಒತ್ತಿದಾಗ ಪ್ರಾಕ್ಸ್‌ಮಾಕ್ಸ್ ಇಲ್ಲದ ಏಜೆಂಟಿನ ಉತ್ತರಕ್ಕೆ ಕಾದು ಟೈಮ್‌ಔಟ್ ಆಗುತ್ತದೆ. ಬೇಸತ್ತವರು ಸ್ಟಾಪ್ ಒತ್ತದೆ ಇನ್ನೇನು ಮಾಡುತ್ತಾರೆ? ಏಜೆಂಟ್ ಎರಡೂ ಕಡೆ ಇರಲಿ, ಇಲ್ಲವೇ ಎರಡೂ ಕಡೆ ಬೇಡ. ಆ ಆಯ್ಕೆ ಬದಲಿಸಿದ ಮೇಲೆ ವಿಎಂ ಪೂರ್ತಿ ಆಫ್ ಆಗಿ ಆನ್ ಆಗಬೇಕು, ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು.

ಮರೆತವರ ವಿಎಂ ಆಫ್ ಮಾಡುವ ಕೆಲಸವನ್ನು ಅತಿಥಿ ಓಎಸ್‌ಗೇ ಬಿಡುವುದು ಮೇಲು, ಒಳಗೆ ಯಾರಿದ್ದಾರೆ ಎಂಬುದು ಅದಕ್ಕೇ ಗೊತ್ತು. ಲಿನಕ್ಸಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಓಡುವ ಟೈಮರ್ ಇಟ್ಟು, ಸತತ ನಾಲ್ಕು ಸಲ ಲಾಗಿನ್ ಆದವರು ಯಾರೂ ಇಲ್ಲದಿದ್ದರೆ ಪವರ್ ಆಫ್ ಮಾಡಿಸಿ. ವಿಂಡೋಸಿನಲ್ಲಿ ಒಂದು ತೊಡಕು: ರಿಮೋಟ್ ಡೆಸ್ಕ್‌ಟಾಪ್ ಕಿಟಕಿ ಮುಚ್ಚಿದರೆ ಅದು ಡಿಸ್‌ಕನೆಕ್ಟ್ ಮಾತ್ರ, ಲಾಗ್‌ಆಫ್ ಅಲ್ಲ. ಗ್ರೂಪ್ ಪಾಲಿಸಿಯಲ್ಲಿ ಡಿಸ್‌ಕನೆಕ್ಟ್ ಆದ ಸೆಷನ್ನಿಗೆ ಕಾಲಮಿತಿ ಹಾಕಿದ ಮೇಲಷ್ಟೇ ಯಾರೂ ಇಲ್ಲ ಎಂಬ ಪರೀಕ್ಷೆ ಫಲ ಕೊಡುತ್ತದೆ.

ಹೊರಗಿನಿಂದ ಒಳಕ್ಕೆ

8006ನೇ ಪೋರ್ಟ್ ಇಂಟರ್‌ನೆಟ್ಟಿಗೆ ತೆರೆಯಬಾರದು. ವೈರ್‌ಗಾರ್ಡ್ ಎಂಬ ವಿಪಿಎನ್ (ಹೊರಗಿನವರನ್ನು ಮನೆಯ ನೆಟ್‌ವರ್ಕಿಗೆ ಸುರಕ್ಷಿತವಾಗಿ ತರುವ ದಾರಿ) ಹಾಕಿ. ಅದನ್ನು ಸರ್ವರಿನೊಳಗಿನ ವಿಎಂನಲ್ಲಿ ಇಡಬೇಡಿ. ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶದ ರೂಟರ್ ಅಥವಾ ಯಾವಾಗಲೂ ಆನ್ ಇರುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಇಡಿ. ಕಾರಣ ಆಮೇಲೆ ತಿಳಿಯುತ್ತದೆ.

ನಮ್ಮಲ್ಲಿ ಮೊದಲು ನೋಡಬೇಕಾದ್ದು ಸಿಜಿನ್ಯಾಟ್, ಅಂದರೆ ಇಂಟರ್‌ನೆಟ್ ಕಂಪನಿ ಒಂದೇ ಹೊರ ಐಪಿಯನ್ನು ಹಲವು ಮನೆಗಳಿಗೆ ಹಂಚುವುದು. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ (ಹೊರಬದಿಯ) ಐಪಿ 100.64ರಿಂದ 100.127ರವರೆಗಿನ ಸಾಲಿನದ್ದಾಗಿದ್ದರೆ, ಅಥವಾ ಹೊರಗಿನ ಸೈಟು ತೋರಿಸುವ ಐಪಿಗೂ ಅದಕ್ಕೂ ಹೊಂದಿಕೆಯಾಗದಿದ್ದರೆ, ಪೋರ್ಟ್ ಫಾರ್ವರ್ಡ್ ಎಷ್ಟು ಮಾಡಿದರೂ ಏನೂ ಒಳಗೆ ಬರುವುದಿಲ್ಲ. ಆಗ ಮೂರು ದಾರಿ: ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಟೇಲ್‌ಸ್ಕೇಲ್ ಎಂಬ ಸಿದ್ಧ ವಿಪಿಎನ್ ಸೇವೆ, ಅಥವಾ ಬೆಂಗಳೂರು, ಮುಂಬೈ ಡೇಟಾಸೆಂಟರಿನ ಸಣ್ಣದೊಂದು ವಿಪಿಎಸ್, ಅಂದರೆ ಇಂಟರ್‌ನೆಟ್ಟಿನಲ್ಲಿರುವ ಸರ್ವರ್, ಬಾಡಿಗೆಗೆ ಹಿಡಿದು ಅದನ್ನೇ ವೈರ್‌ಗಾರ್ಡಿನ ನಡುತಾಣ ಮಾಡುವುದು. ವಿಪಿಎಸ್ ದಾರಿಯಲ್ಲಿ ಮನೆಯ ಕಡೆ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡು ಇರಲೇಬೇಕು, ಇಲ್ಲದಿದ್ದರೆ ಸುಮ್ಮನಿದ್ದಾಗ ನ್ಯಾಟ್ ದಾರಿ ಮುಚ್ಚಿಹೋಗುತ್ತದೆ. ಬಳಸುವವರು ನಾಲ್ಕೈದು ಜನ, ಯಾರೂ ನೆಟ್‌ವರ್ಕ್ ತಿಳಿದವರಲ್ಲ ಎಂದಾದರೆ ಟೇಲ್‌ಸ್ಕೇಲ್ ಆರಿಸಿ. ಯಾರು ಎಲ್ಲಿಗೆ ಹೋಗಬಹುದು ಎಂಬ ಅದರ ಎಸಿಎಲ್ ಪಟ್ಟಿ ಬರೆಯುವುದನ್ನು ಮಾತ್ರ ಬಿಡಬೇಡಿ.

ಮನೆಯ ನೆಟ್‌ವರ್ಕ್ 192.168.1 ಎಂದೇ ಇದ್ದರೆ ಬದಲಿಸಿ. ಸ್ನೇಹಿತರ ಮನೆಯದೂ ಅದೇ ಆಗಿರುವ ಸಂಭವ ಹೆಚ್ಚು, ಆಗ ಅವರ ಕಂಪ್ಯೂಟರ್ ನಿಮ್ಮ ಸರ್ವರನ್ನು ತನ್ನ ಮನೆಯಲ್ಲೇ ಹುಡುಕುತ್ತದೆ. 10.77.0 ತರಹದ ವಿರಳವಾದ ಸಾಲು ಹಿಡಿಯಿರಿ. ಪ್ರತಿ ಯೂಸರಿಗೂ ಬೇರೆ ಕೀ, ಬೇರೆ ಐಪಿ. ಒಂದೇ ಕೀಯನ್ನು ಇಬ್ಬರು ಬಳಸಿದರೆ ವೈರ್‌ಗಾರ್ಡ್ ಯಾರಿಂದ ಕೊನೆಯ ಪ್ಯಾಕೆಟ್ ಬಂತೋ ಅವರತ್ತ ತಿರುಗುತ್ತದೆ, ಇಬ್ಬರಿಗೂ ತಡೆತಡೆದು ಬರುತ್ತದೆ. ಕ್ಲೈಂಟ್ ಕಡತದಲ್ಲಿ ಅಲೌಡ್ ಐಪಿ ಕಿರಿದು ಮಾಡಿದರೆ ರಕ್ಷಣೆ ಆಯಿತೆಂದು ತಿಳಿಯಬೇಡಿ, ಆ ಸಾಲನ್ನು ಅವರು ತಿದ್ದಿಕೊಳ್ಳಬಹುದು. ಯಾವ ಐಪಿಯಿಂದ 8006ಕ್ಕೆ, ಯಾವುದರಿಂದ ಯಾವ ವಿಎಂನ 22 (ಎಸ್‌ಎಸ್‌ಎಚ್) ಅಥವಾ 3389ಕ್ಕೆ (ರಿಮೋಟ್ ಡೆಸ್ಕ್‌ಟಾಪ್) ದಾರಿ ಎಂಬುದನ್ನು ಪೈ ಮೇಲಿನ ಫೈರ್‌ವಾಲ್‌ನಲ್ಲಿ ಬರೆಯಬೇಕು, ಉಳಿದದ್ದೆಲ್ಲ ಡ್ರಾಪ್.

ಪಿಂಗ್ ಹೋಗುತ್ತದೆ, ಆದರೆ ಲಾಗಿನ್ ಪುಟ ಅರ್ಧಕ್ಕೆ ನಿಲ್ಲುತ್ತದೆ ಎಂದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ನೋಡಿ. ವೈರ್‌ಗಾರ್ಡಿನ ಸಾಮಾನ್ಯ ಎಂಟಿಯು 1420. ಪಿಪಿಪಿಒಇ (ಯೂಸರ್ ಹೆಸರು, ಪಾಸ್‌ವರ್ಡ್ ಹಾಕಿ ತೆರೆಯುವ ಬ್ರಾಡ್‌ಬ್ಯಾಂಡ್) ಸಂಪರ್ಕದ ಮಿತಿ 1492 ಆಗಿರುವುದರಿಂದ ಅಲ್ಲಿ ವೈರ್‌ಗಾರ್ಡಿನ 80 ಬೈಟ್ ಕಳೆದು 1412 ಇಡಬೇಕು.

ಸರ್ವರೇ ಆಫ್ ಆಗಿದ್ದರೆ

ವಿಎಂ ಆಫ್ ಮಾಡಿದರೆ ಮುಖ್ಯವಾಗಿ ಉಳಿಯುವುದು ರ‍್ಯಾಮ್. ಕರೆಂಟ್ ಉಳಿಯಬೇಕಾದರೆ ಹೋಸ್ಟೇ ಆಫ್ ಆಗಬೇಕು. ಸುಮ್ಮನಿದ್ದಾಗ 40 ವ್ಯಾಟ್ ಎಳೆಯುವ ಯಂತ್ರ ತಿಂಗಳಿಗೆ ಸುಮಾರು 29 ಯೂನಿಟ್, 100 ವ್ಯಾಟಿನ ಹಳೆಯ ಸರ್ವರ್ 72 ಯೂನಿಟ್.

ಹೋಸ್ಟನ್ನು ದೂರದಿಂದ ಎಬ್ಬಿಸಲು ವೇಕ್ ಆನ್ ಲ್ಯಾನ್. ಅದರ ಮ್ಯಾಜಿಕ್ ಪ್ಯಾಕೆಟ್ ಬ್ರಾಡ್‌ಕಾಸ್ಟ್ ಆಗಿ ಹೋಗುವುದರಿಂದ ರೂಟರ್ ದಾಟುವುದಿಲ್ಲ, ಮನೆಯೊಳಗಿಂದಲೇ ಯಾರಾದರೂ ಕಳಿಸಬೇಕು. ಪೈ ಅಥವಾ ರೂಟರ್ ಸದಾ ಆನ್ ಇರಬೇಕು ಎಂದದ್ದು ಇದಕ್ಕೇ. ಬಯಾಸಿನಲ್ಲಿ ಇಆರ್‌ಪಿ (ಆಫ್ ಆದಾಗಲೂ ಕರೆಂಟ್ ಉಳಿಸುವ ಸೆಟ್ಟಿಂಗ್) ಆಫ್, ವೇಕ್ ಆನ್ ಲ್ಯಾನ್ ಆನ್. ಲಿನಕ್ಸಿನಲ್ಲಿ ಇಥ್‌ಟೂಲ್ ಕಮಾಂಡಿನಿಂದ ನೆಟ್‌ವರ್ಕ್ ಕಾರ್ಡಿಗೆ ಜಿ ಮೋಡ್ (ಮ್ಯಾಜಿಕ್ ಪ್ಯಾಕೆಟ್ಟಿಗೆ ಏಳುವ ಮೋಡ್) ಕೊಟ್ಟು, ಪ್ರತಿ ಬೂಟಿಗೂ ಅದು ಅನ್ವಯಿಸುವಂತೆ ಮಾಡಿ. ಕರೆಂಟ್ ಹೋಗಿ ಬಂದ ಮೇಲೆ ಎಷ್ಟೋ ಬೋರ್ಡುಗಳಲ್ಲಿ ಕಾರ್ಡ್ ಈ ಮೋಡನ್ನು ಮರೆಯುತ್ತದೆ. ಹಾಗಾಗಿ ಬಯಾಸಿನಲ್ಲಿ ಕರೆಂಟ್ ಬಂದೊಡನೆ ಪವರ್ ಆನ್ ಎಂದಿಡಿ. ಒಮ್ಮೆ ಬೂಟ್ ಆಗಿ, ಬೇಡವಾದರೆ ತಾನೇ ಮಲಗಲಿ. ಯೂಸರ್‌ಗಳ ವಿಎಂಗೆ ಸ್ಟಾರ್ಟ್ ಅಟ್ ಬೂಟ್ ಬೇಡ.

ಯುಪಿಎಸ್ ಇದ್ದರೆ ನಟ್ ಎಂಬ ತಂತ್ರಾಂಶ ಬ್ಯಾಟರಿ ಇಳಿದಾಗ ಹೋಸ್ಟನ್ನು ಶಟ್‌ಡೌನ್ ಮಾಡುತ್ತದೆ. ಆದರೆ ಶಟ್‌ಡೌನ್ ನಡೆಯುತ್ತಿರುವಾಗಲೇ ಕರೆಂಟ್ ಬಂದರೆ? ಸರ್ವರಿಗೆ ಪವರ್ ಒಂದು ಕ್ಷಣವೂ ತಪ್ಪಿರುವುದಿಲ್ಲ, ಆದ್ದರಿಂದ ಬಯಾಸಿನ ಆ ಸೆಟ್ಟಿಂಗ್ ಕೆಲಸಕ್ಕೆ ಬರುವುದಿಲ್ಲ, ಯಂತ್ರ ಆಫ್ ಆಗಿಯೇ ಕೂರುತ್ತದೆ. ಯುಪಿಎಸ್‌ನ ಔಟ್‌ಪುಟ್ಟನ್ನೇ ಒಮ್ಮೆ ಕಡಿದು ಕೊಡುವಂತೆ ನಟ್‌ಗೆ ಹೇಳಬಹುದು, ಇಲ್ಲವೇ ಪೈನಿಂದ ಮ್ಯಾಜಿಕ್ ಪ್ಯಾಕೆಟ್ ಕಳಿಸಿದರೆ ಆಯಿತು. ಪೈ ಮತ್ತು ರೂಟರಿಗೆ ಪುಟ್ಟ ರೂಟರ್ ಯುಪಿಎಸ್ ಬೇರೆಯೇ ಇರಲಿ; ರೂಟರಿಗೆ ಸಾಮಾನ್ಯವಾಗಿ 12 ವೋಲ್ಟ್, ಪೈಗೆ 5 ವೋಲ್ಟ್.

ಪ್ರಶ್ನೆಗಳು

ಪ್ರಾಕ್ಸ್‌ಮಾಕ್ಸ್ ಪರದೆಯನ್ನೇ ತೋರಿಸದೆ, ಫೋನಿನಲ್ಲಿ ಒಂದೇ ಬಟನ್ ಇರುವ ಪುಟ ಕೊಡಬಹುದೇ? ಕೊಡಬಹುದು, ಮನೆಯವರಿಗೆ ಅದೇ ವಾಸಿ. ಅದಕ್ಕೆ ಎಪಿಐ ಟೋಕನ್ (ಪ್ರೋಗ್ರಾಮಿಗೆ ಕೊಡುವ ಪಾಸ್‌ವರ್ಡಿನಂಥದ್ದು) ಮಾಡಿ, ಪ್ರಿವಿಲೇಜ್ ಸಪರೇಷನ್ ಟಿಕ್ ಇರಲಿ. ಟಿಕ್ ಇದ್ದಾಗ ಟೋಕನ್ನಿಗೂ ಪ್ರತ್ಯೇಕವಾಗಿ ಹಕ್ಕು ಕೊಡಬೇಕು, ಯೂಸರಿಗೆ ಕೊಟ್ಟದ್ದು ತಾನಾಗಿ ಬರುವುದಿಲ್ಲ. ಅನುಮತಿ ಇಲ್ಲ ಎಂಬ 403 ಉತ್ತರ ಬಂದರೆ ಮೊದಲು ಇದನ್ನೇ ನೋಡಿ. ಟೋಕನ್ನಿನ ಗುಟ್ಟು ಒಮ್ಮೆ ಮಾತ್ರ ಕಾಣುತ್ತದೆ, ಟೂ ಫ್ಯಾಕ್ಟರ್ ಅದಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಪೈ ಮೇಲೆ ಓಡುವ ಪ್ರೋಗ್ರಾಮಿನ ಒಳಗೇ ಅದನ್ನು ಇಡಬೇಕು, ಪುಟದ ಜಾವಾಸ್ಕ್ರಿಪ್ಟಿನಲ್ಲಿ ಬರೆದರೆ ಪುಟ ತೆರೆದವರಿಗೆಲ್ಲ ಕೊಟ್ಟಂತೆ. ಸ್ಟಾರ್ಟ್ ಮಾತ್ರ ಕೊಟ್ಟು ಸ್ಟಾಪ್ ಕೊಡದಿರುವ ದಾರಿಯೂ ಇದೇ, ಪುಟದಲ್ಲಿ ಆ ಬಟನ್ನೇ ಇರುವುದಿಲ್ಲ. ಇನ್ನೊಂದು ಮಾತು: ಸ್ಟಾರ್ಟ್ ಕೋರಿಕೆಗೆ 200 ಉತ್ತರ ಬಂತೆಂದರೆ ವಿಎಂ ಶುರುವಾಯಿತು ಎಂದಲ್ಲ, ಟಾಸ್ಕ್ ಶುರುವಾಯಿತು ಎಂದಷ್ಟೇ. ಉತ್ತರದಲ್ಲಿ ಬರುವ ಯುಪಿಐಡಿ (ಟಾಸ್ಕಿನ ಗುರುತು) ಹಿಡಿದು ಟಾಸ್ಕ್ ಮುಗಿಯುವವರೆಗೆ ಕೇಳುತ್ತಾ, ಎಕ್ಸಿಟ್ ಸ್ಟೇಟಸ್ ಓಕೆ ಎಂದು ಬಂದ ಮೇಲೆ ಹಸಿರು ತೋರಿಸಿ. ಇಲ್ಲದಿದ್ದರೆ ಹುಕ್ ಸ್ಕ್ರಿಪ್ಟ್ ತಡೆದದ್ದೂ ಪುಟದಲ್ಲಿ ಯಶಸ್ಸು ಎಂದೇ ಕಾಣುತ್ತದೆ.

ಪ್ರಾಕ್ಸ್‌ಮಾಕ್ಸ್ ಇಲ್ಲ, ಉಬುಂಟು ಮೇಲೆ ಲಿಬ್‌ವರ್ಟ್ (ವಿಎಂ ನಡೆಸುವ ಇನ್ನೊಂದು ತಂತ್ರಾಂಶ) ಇದೆ ಎಂದರೆ? ಯೂಸರನ್ನು ಲಿಬ್‌ವರ್ಟ್ ಗುಂಪಿಗೆ ಸೇರಿಸಬೇಡಿ. ಆ ಗುಂಪಿನವರು ಹೋಸ್ಟಿನ ಡಿಸ್ಕನ್ನೇ ಹೊಸ ವಿಎಂಗೆ ಜೋಡಿಸಿ ತೆರೆಯಬಹುದು, ರೂಟ್ ಕೊಟ್ಟದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಸರಳ ದಾರಿ ಎಸ್‌ಎಸ್‌ಎಚ್ ಕೀಯದು. ಆಥರೈಸ್ಡ್ ಕೀಸ್ ಕಡತದಲ್ಲಿ ಆ ಕೀ ಮುಂದೆ ರೆಸ್ಟ್ರಿಕ್ಟ್ ಎಂದೂ, ಕಮಾಂಡ್ ಎಂಬಲ್ಲಿ ಒಂದು ಸ್ಕ್ರಿಪ್ಟಿನ ಹೆಸರನ್ನೂ ಬರೆಯಿರಿ. ಆ ಕೀ ಹಿಡಿದು ಬಂದವರು ಏನು ಟೈಪ್ ಮಾಡಿದರೂ ಓಡುವುದು ಆ ಸ್ಕ್ರಿಪ್ಟ್ ಮಾತ್ರ. ಅದರೊಳಗೆ ವಿಎಂ ಹೆಸರು ಬರೆದು ಗಟ್ಟಿ ಮಾಡಿದ ವರ್ಶ್ ಸ್ಟಾರ್ಟ್ (ಲಿಬ್‌ವರ್ಟಿನಲ್ಲಿ ವಿಎಂ ಶುರು ಮಾಡುವ ಕಮಾಂಡ್) ಒಂದೇ ಸಾಲು, ರೂಟ್ ಹಕ್ಕು ಕೊಡುವ ಸುಡೋ ಕಡತದಲ್ಲಿ ಆ ಸಾಲಿಗಷ್ಟೇ ಅನುಮತಿ. ಹೊರಗಿನಿಂದ ಬಂದ ಪದವನ್ನು ಹಾಗೇ ಶೆಲ್ಲಿಗೆ ಕೊಡುವ ಆಸೆ ಮಾತ್ರ ಬೇಡ. ಎರಡು ಮೂರು ವಿಎಂ ಇದ್ದರೆ ಒಂದೊಂದಕ್ಕೂ ಒಂದೊಂದು ಕೀ ಮಾಡಿ.